ಚಂದದ ಹಿಂದಿನ ಕಾರಣ

ಈ ಅಂಕಣದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗರು ಕೇಳುತ್ತಾರೆ, ಹೊಳಲ್ಕೆರೆಯಲ್ಲಿ ಲಗ್ನಪತ್ರಿಕೆ ಮಾಡಿಕೊಡುವವರು ಕೇಳುತ್ತಾರೆ, ಹೊಸದುರ್ಗದ ಪದವಿ ವಿದ್ಯಾರ್ಥಿನಿಯರು ಮೊಬೈಲಿನಲ್ಲೇ ಮಾಡಿದ ಪೋಸ್ಟರ್ ಕಳಿಸಿ ಕೇಳುತ್ತಾರೆ: “ಹೊಸ ಐಡಿಯಾ ಎಲ್ಲಿಂದ ತರೋದು ಸರ್?” ಇವರ್‍ಯಾರೂ ಸೋಮಾರಿಗಳಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಒಳ್ಳೊಳ್ಳೆಯ ಕಲಾವಿದರ ಹಿಂದೆ ಬಿದ್ದಿದ್ದಾರೆ, ಪಿಂಟರೆಸ್ಟಿನಲ್ಲಿ ನೂರಾರು ಚಿತ್ರ ಕೂಡಿಟ್ಟಿದ್ದಾರೆ, ಬಿಹ್ಯಾನ್ಸ್ ತೆರೆದು ರಾತ್ರಿಯೆಲ್ಲ ನೋಡಿದ್ದಾರೆ. ಬೆಳಗ್ಗೆ ಕೆಲಸಕ್ಕೆ ಕೂತರೆ ಮಾತ್ರ ಕೈ ಓಡುವುದಿಲ್ಲ. ಓಡಿದರೂ ನಿನ್ನೆ ಮಾಡಿದ್ದೇ ಇನ್ನೊಂದು ಬಣ್ಣದಲ್ಲಿ ಬರುತ್ತದೆ.

ಇದಕ್ಕೆ ನನ್ನ ಉತ್ತರ ಒಂದೇ. ನಾವು ಬೇರೆಯವರ ಕೆಲಸದಿಂದ ಚಂದವನ್ನು ಎತ್ತಿಕೊಳ್ಳುತ್ತೇವೆ, ಆ ಚಂದ ಹುಟ್ಟಿದ ಕಾರಣವನ್ನು ಅಲ್ಲೇ ಬಿಟ್ಟು ಬರುತ್ತೇವೆ. ಬಣ್ಣ, ಅಕ್ಷರ, ನೆರಳು, ಹೊಳಪು ಇವೆಲ್ಲ ಕಣ್ಣಿಗೆ ಬೀಳುವಂಥವು, ಬೇಗ ಕೈಗೆ ಸಿಗುವಂಥವು. ಆದರೆ ಪ್ರತಿ ಒಳ್ಳೆಯ ವಿನ್ಯಾಸದ ಹಿಂದೆ ಯಾರೋ ಒಬ್ಬರು ಕೂತು ಮಾಡಿದ ತೀರ್ಮಾನ ಇರುತ್ತದೆ. ಇದನ್ನು ಯಾರು ನೋಡುತ್ತಾರೆ, ಎಲ್ಲಿ ನಿಂತು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ, ಏನನ್ನು ಬಿಟ್ಟರೂ ನಡೆಯುತ್ತದೆ ಎಂಬ ಲೆಕ್ಕ ಅದು. ಸ್ಫೂರ್ತಿ ಎಂದು ನಾವು ಕರೆಯುವುದು ಆ ಲೆಕ್ಕ ನಮಗೆ ಅರ್ಥವಾದ ಗಳಿಗೆಯಲ್ಲಿ ಬರುತ್ತದೆ. ಚಿತ್ರ ಇಷ್ಟವಾದಷ್ಟಕ್ಕೇ ಬರುವುದಿಲ್ಲ.

2022ರ ಸೆಪ್ಟೆಂಬರನ್ನು ನೆನಪಿಸಿಕೊಳ್ಳಿ. 1933ರ ನಂತರ, 89 ವರ್ಷ ಕಳೆದ ಮೇಲೆ, ನಮ್ಮ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. ಹಿರಿಯೂರಿನಲ್ಲಿ ಹಬ್ಬವೋ ಹಬ್ಬ. ಆ ವಾರ ಪ್ರತಿಯೊಬ್ಬರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಪೋಸ್ಟರ್, ಪ್ರತಿ ಸರ್ಕಲ್ಲಿನಲ್ಲೂ ಬ್ಯಾನರ್. ಡ್ರೋನಿನಿಂದ ತೆಗೆದ ಜಲಾಶಯದ ಚಿತ್ರ, ಅದರ ಮೇಲೆ ಚಿನ್ನದ ಬಣ್ಣದ ಉಬ್ಬು ಅಕ್ಷರ, ಕೆಳಗೆ ಕೈಮುಗಿದವರ ಫೋಟೋ ಸಾಲು. ಒಂದರ ಮೇಲಿನ ಹೆಸರನ್ನು ಇನ್ನೊಂದಕ್ಕೆ ಹಾಕಿದ್ದರೆ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಎಂಬತ್ತೊಂಬತ್ತು ವರ್ಷ ಕಾದ ಊರಿನ ಸಂಭ್ರಮ ಅದು. ಅಜ್ಜಂದಿರು ಕಂಡಿದ್ದನ್ನು ಮೊಮ್ಮಕ್ಕಳು ಮೊದಲ ಬಾರಿ ಕಂಡ ದಿನ. ಆ ಕಾಯುವಿಕೆಯನ್ನು ಒಂದೇ ಒಂದು ಚಿತ್ರವೂ ಹೇಳಲಿಲ್ಲವಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ. ಮಾಡಿದವರ ಕೈಯಲ್ಲಿ ಕಸುಬು ಇತ್ತು, ಸಾಫ್ಟ್‌ವೇರ್ ಇತ್ತು, ಕಣ್ಣ ಮುಂದೆ ಜಗತ್ತಿನ ಎಲ್ಲ ಮಾದರಿಗಳೂ ಇದ್ದವು. ಈ ಚಿತ್ರ ಏನು ಹೇಳಬೇಕು ಎಂದು ಕೇಳಿಕೊಳ್ಳಲು ಮಾತ್ರ ಯಾರಿಗೂ ಪುರುಸೊತ್ತು ಇರಲಿಲ್ಲ.

ಕಾರಣ ಹುಡುಕುವುದು ಎಂದರೇನು ಎಂಬುದಕ್ಕೆ ಎಲ್ಲರೂ ನೋಡಿರುವ ಚಿತ್ರವನ್ನೇ ತೆಗೆದುಕೊಳ್ಳೋಣ. ಕಾರಿನ ಹಿಂದಿನ ಗಾಜಿನ ಮೇಲೆ, ಬೈಕಿನ ಟ್ಯಾಂಕಿನ ಮೇಲೆ, ಆಟೋದ ಬೆನ್ನಿಗೆ ಅಂಟಿಸಿರುವ ಆ ಹನುಮಂತನ ಮುಖ. ನಮ್ಮ ಹೆದ್ದಾರಿಯ ಪಕ್ಕದಲ್ಲಿ ಹತ್ತು ನಿಮಿಷ ನಿಂತರೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದನ್ನು ಬರೆದವರು ಕಾಸರಗೋಡಿನ ಕರಣ್ ಆಚಾರ್ಯ. 2015ರಲ್ಲಿ ಕುಂಬಳೆಯ ಯುವಕರು ಬಾವುಟಕ್ಕೆ ಒಂದು ಚಿತ್ರ ಬೇಕೆಂದು ಕೇಳಿದಾಗ ಕಂಪ್ಯೂಟರಿನಲ್ಲಿ ಮಾಡಿಕೊಟ್ಟದ್ದು. ಅಲ್ಲಿಂದ ಅದು ದೇಶ ಸುತ್ತಿತು. ಮುಂದೆ ಆ ಚಿತ್ರದ ಸುತ್ತ ಬಹಳ ಚರ್ಚೆ ನಡೆಯಿತು. ತಾನು ಬರೆದದ್ದು ಕೋಪದ ಮುಖವಲ್ಲ ಎಂದು ಕಲಾವಿದರೇ ಹೇಳಿದರು. ಆ ಚರ್ಚೆ ಬದಿಗಿಡೋಣ. ಒಬ್ಬ ವಿನ್ಯಾಸಕಾರನ ಕಣ್ಣಿನಿಂದ ಚಿತ್ರವನ್ನಷ್ಟೇ ನೋಡೋಣ.

ಬಾವುಟ ಗಾಳಿಗೆ ಹಾರುತ್ತದೆ, ಮಡಚಿಕೊಳ್ಳುತ್ತದೆ, ದೂರದಿಂದ ಕಾಣಬೇಕು. ಅಂಥ ಬಟ್ಟೆಯ ಮೇಲೆ ಗದೆ, ಬಾಲ, ಸಂಜೀವಿನಿ ಪರ್ವತ, ಹಿಂದೊಂದು ಪ್ರಭಾವಳಿ ಎಲ್ಲ ಬರೆದರೆ ಯಾವುದೂ ಕಾಣುವುದಿಲ್ಲ. ಆ ಚಿತ್ರದಲ್ಲಿ ಮುಖ ಮಾತ್ರ ಇದೆ. ಬಣ್ಣ ಎರಡೇ, ಕೇಸರಿ ಮತ್ತು ಕಪ್ಪು. ಹುಬ್ಬು, ಮೂಗು, ಕೆನ್ನೆಗೆ ಗೆರೆ ಎಳೆದಿಲ್ಲ, ಕಪ್ಪು ನೆರಳಿನ ತುಂಡುಗಳೇ ಅವನ್ನು ಕಟ್ಟಿಕೊಡುತ್ತವೆ. ಉಳಿದದ್ದನ್ನು ನೋಡುವವರ ಮನಸ್ಸು ತುಂಬಿಕೊಳ್ಳುತ್ತದೆ. ಎರಡೇ ಬಣ್ಣವಿದ್ದ ಕಾರಣಕ್ಕೆ ಅದನ್ನು ಸ್ಟಿಕ್ಕರ್ ಕತ್ತರಿಸುವ ಯಂತ್ರ ಸಲೀಸಾಗಿ ಕತ್ತರಿಸಿತು. ಅದು ವೆಕ್ಟರ್ ಚಿತ್ರ. ಅಂದರೆ ಚುಕ್ಕಿಗಳ ರಾಶಿಯಾಗಿರದೆ ಗಣಿತದ ಗೆರೆಗಳಲ್ಲಿ ಉಳಿದಿರುವ ಚಿತ್ರ. ಉಗುರಿನಷ್ಟು ಚಿಕ್ಕದು ಮಾಡಿ, ಗೋಡೆಯಷ್ಟು ದೊಡ್ಡದು ಮಾಡಿ, ಅಂಚು ಒಡೆಯುವುದಿಲ್ಲ. ಬಾವುಟಕ್ಕೆಂದು ಹುಟ್ಟಿದ ಚಿತ್ರ ಕಾರಿನ ಗಾಜಿಗೂ ಒಗ್ಗಿದ್ದು ಈ ಕಾರಣಕ್ಕೆ ಎಂಬುದು ನನ್ನ ತಿಳಿವಳಿಕೆ.

ಆಮೇಲೆ ಏನಾಯಿತು ನೋಡಿ. ಅದೇ ಕೇಸರಿ, ಅದೇ ಕಪ್ಪು, ಅದೇ ಅರೆಗತ್ತಲಿನ ಮುಖದಲ್ಲಿ ಎಲ್ಲ ದೇವರೂ ಬಂದರು, ಎಲ್ಲ ಸಿನಿಮಾ ನಟರೂ ಬಂದರು. ಊರಿನ ಕ್ರಿಕೆಟ್ ತಂಡದ ಲಾಂಛನವೂ ಅದೇ ಆಯಿತು. ಎಲ್ಲರೂ ಚಂದವನ್ನು ಎತ್ತಿಕೊಂಡರು. ಕಾರಣವನ್ನು ಎತ್ತಿಕೊಂಡಿದ್ದರೆ ಕೆಲಸ ಬೇರೆಯದೇ ಆಗುತ್ತಿತ್ತು. “ನನ್ನ ಚಿತ್ರ ಎಲ್ಲಿ ಹಾರುತ್ತದೆ, ಎಷ್ಟು ದೂರದಿಂದ ಕಾಣಬೇಕು, ಯಾವುದೊಂದು ಉಳಿದರೆ ಸಾಕು?” ಈ ಪ್ರಶ್ನೆಗಳನ್ನು ಹಾಲಿನ ಡೇರಿಯ ಫಲಕಕ್ಕೆ ಕೇಳಿದರೆ ಒಂದು ಉತ್ತರ ಬರುತ್ತದೆ, ದಾಳಿಂಬೆ ಬಾಕ್ಸಿನ ಲೇಬಲ್ಲಿಗೆ ಕೇಳಿದರೆ ಇನ್ನೊಂದು ಬರುತ್ತದೆ. ಎರಡರಲ್ಲೂ ಕೇಸರಿ ಕಪ್ಪು ಬರಬೇಕಾಗಿಯೇ ಇಲ್ಲ.

ಮೈಸೂರಿನ ಬಾದಲ್ ನಂಜುಂಡಸ್ವಾಮಿ ಅವರ ಕೆಲಸದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ನಿಂತ ದೊಡ್ಡ ಗುಂಡಿಯೊಳಗೆ ಅವರು ಒಂದು ಮೊಸಳೆಯನ್ನು ಮಾಡಿ ಇಟ್ಟರು. 2019ರಲ್ಲಿ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ವ್ಯಕ್ತಿಯೊಬ್ಬರು ಚಂದ್ರನ ಮೇಲೆ ನಡೆದಂತೆ ನಡೆದರು. ಪಕ್ಕದಲ್ಲಿ ಆಟೋ ಹಾದುಹೋದಾಗಲೇ ನೋಡುವವರಿಗೆ ಇದು ನಮ್ಮ ರಸ್ತೆ ಎಂದು ಗೊತ್ತಾಗುತ್ತಿತ್ತು. ಎರಡೂ ಲಕ್ಷಾಂತರ ಮೊಬೈಲುಗಳಲ್ಲಿ ಓಡಿದವು, ಆ ರಸ್ತೆಗಳ ಕಡೆ ಪಾಲಿಕೆಯ ಗಮನವೂ ಹರಿಯಿತು. ಇಲ್ಲಿ ಕಲಿಯಬೇಕಾದದ್ದು ಮೊಸಳೆಯನ್ನಲ್ಲ. ದೋಷವನ್ನು ಬೇರೆಲ್ಲೋ ಬರೆದು ತೋರಿಸುವ ಬದಲು ದೋಷ ಇರುವ ಜಾಗವನ್ನೇ ಚಿತ್ರದ ಹಾಳೆ ಮಾಡಿಕೊಂಡರು ಎಂಬುದು ಕಲಿಯಬೇಕಾದ ತೀರ್ಮಾನ. ನಮ್ಮ ಜಿಲ್ಲೆಯಲ್ಲಿ ನೀರು ಸಿಗದೆ ಕೈಬಿಟ್ಟ ಕೊಳವೆಬಾವಿಗಳಿಗೆ ಬರವಿಲ್ಲ. ಬಾಯಿ ಮುಚ್ಚದ ಕೊಳವೆಬಾವಿ ಮಕ್ಕಳ ಪಾಲಿಗೆ ಏನೆಂಬುದು ಎಲ್ಲರಿಗೂ ಗೊತ್ತು. ಒಬ್ಬ ಹುಡುಗ ಪೇಂಟು ಡಬ್ಬಿ ಹಿಡಿದು ಅಂಥ ಕೇಸಿಂಗ್ ಪೈಪಿನ ಸುತ್ತ ದೂರಕ್ಕೆ ಕಾಣುವ ಒಂದು ಚಿತ್ರ ಬರೆದರೆ ಅದು ಬಾದಲ್ ಅವರ ಕೆಲಸದ ನಕಲಾಗುವುದಿಲ್ಲ, ಅವರಿಂದ ಕಲಿತದ್ದಾಗುತ್ತದೆ.

ಮಾರಿಕಣಿವೆಯ ಕಾಯುವಿಕೆಯನ್ನು ಹೇಗೆ ಹೇಳಬಹುದಿತ್ತು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಬಹಳ ದೂರದಿಂದ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಒಂದು ಚಿತ್ರ ಪ್ರಕಟಿಸಿದರು. ವರ್ಷಕ್ಕೊಂದರಂತೆ ಉದ್ದುದ್ದ ಪಟ್ಟಿಗಳು. ತಂಪಾಗಿದ್ದ ವರ್ಷ ನೀಲಿ, ಬಿಸಿಯಾಗಿದ್ದ ವರ್ಷ ಕೆಂಪು. ಅಂಕಿಯಿಲ್ಲ, ಇಸವಿಯಿಲ್ಲ, ವಿವರಣೆಯ ಒಂದಕ್ಷರವೂ ಇಲ್ಲ. ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದರೆ ನೀಲಿ ಕರಗಿ ಕೆಂಪು ಏರುತ್ತಾ ಹೋಗುತ್ತದೆ. ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಓದು ಬಾರದವರೂ ಒಂದು ಗಳಿಗೆಯಲ್ಲಿ ಗ್ರಹಿಸಿಬಿಡುತ್ತಾರೆ. ಅದಕ್ಕೆ ಹಿಂದಿನ ವರ್ಷ ಅದೇ ವಿಶ್ವವಿದ್ಯಾಲಯದ ಎಲೀ ಹೈವುಡ್ ಎಂಬ ವಿಜ್ಞಾನಿ ವರ್ಷ ವರ್ಷದ ತಾಪಮಾನವನ್ನು ಉಣ್ಣೆಯ ಬಣ್ಣಗಳಾಗಿ ಮಾಡಿ ಕ್ರೋಶಾದಲ್ಲಿ ಒಂದು ಹೊದಿಕೆ ಹೆಣೆದಿದ್ದರು. ಕಂಪ್ಯೂಟರ್ ತೆರೆಯ ಮೇಲೆ ಜಗತ್ತೇ ನೋಡಿದ ಆ ಪಟ್ಟಿಗಳಿಗೆ ಮೊದಲೇ ಉಣ್ಣೆಯಲ್ಲಿ ಒಬ್ಬ ಅಕ್ಕ ಹುಟ್ಟಿದ್ದಳು. ಕುರಿ ಉಣ್ಣೆಯ ಸಹಜ ಬಣ್ಣದಲ್ಲೇ ಕಂಬಳಿಗೆ ಪಟ್ಟೆ ಹಾಕುವ ನಮ್ಮ ಸೀಮೆಯವರಿಗೆ ಇದು ದೂರದ ಮಾತಲ್ಲ.

ಆ ತೀರ್ಮಾನವನ್ನು ಮಾರಿಕಣಿವೆಗೆ ತನ್ನಿ. ಅಣೆಕಟ್ಟು ಮುಗಿದದ್ದು 1907ರಲ್ಲಿ. ಜಲಾಶಯದ ಪೂರ್ಣ ಮಟ್ಟ 130 ಅಡಿ. ನೀರಿನ ಮಟ್ಟ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ, ಹಳೆಯ ಲೆಕ್ಕ ನೀರಾವರಿಯವರಲ್ಲಿ ಕೇಳಿ ಪಡೆಯುವಂಥದ್ದು. ವರ್ಷಕ್ಕೊಂದು ಪಟ್ಟಿ ಎಳೆಯಿರಿ. ನೀರು ತಳ ಹಿಡಿದ ವರ್ಷಕ್ಕೆ ನಮ್ಮ ಕೆಂಪು ಮಣ್ಣಿನ ಬಣ್ಣ, ನೀರು ಏರಿದಂತೆಲ್ಲ ನೀಲಿ. 1933ರಲ್ಲಿ ಒಂದು ಕಡುನೀಲಿ ಗೆರೆ. ಆಮೇಲೆ ಉದ್ದಕ್ಕೂ ಮಣ್ಣು, ತಿಳಿ ನೀಲಿ, ಮತ್ತೆ ಮಣ್ಣು. 2022ಕ್ಕೆ ಇನ್ನೊಂದು ಕಡುನೀಲಿ ಗೆರೆ. ಎರಡು ನೀಲಿಗಳ ನಡುವೆ ಇರುವುದೇ ಮೂರು ತಲೆಮಾರಿನ ಬದುಕು. ಅದಕ್ಕೆ ಚಿನ್ನದ ಅಕ್ಷರ ಬೇಡ, ಡ್ರೋನ್ ಬೇಡ, ಯಾರ ಫೋಟೋವೂ ಬೇಡ. ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದರೆ ಬಸ್ಸಿಗೆ ಕಾಯುವ ಅಜ್ಜಿ ಮೊಮ್ಮಗನಿಗೆ ಬೆರಳಿಟ್ಟು, “ಇಗೋ, ಈ ಗೆರೆ ವರ್ಷ ನಿಮ್ಮಪ್ಪ ಹುಟ್ಟಿದ್ದು” ಎನ್ನಬಹುದು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತಲ್ಲ, ಆ ಗೆರೆಯನ್ನೂ ಸೇರಿಸಿಕೊಳ್ಳಿ. ಹೊರಗಿನಿಂದ ಬಂದ ಸ್ಫೂರ್ತಿ ನಮ್ಮದಾಗುವುದು ಹೀಗೆ.

ಈಗ ಅಕ್ಷರದ ವಿಚಾರ. ಕನ್ನಡದಲ್ಲಿ ವಿನ್ಯಾಸ ಮಾಡುವವರು ಹೆಚ್ಚು ಸೋಲುವುದು ಇಲ್ಲಿಯೇ. ಫ್ಲೆಕ್ಸ್ ಅಂಗಡಿಗೆ ಹೋಗಿ ಸ್ವಲ್ಪ ಹೊತ್ತು ಕೂತರೆ ಗೊತ್ತಾಗುತ್ತದೆ. ಗಿರಾಕಿ ಮ್ಯಾಟರ್ ಬರೆದ ಚೀಟಿ ಕೊಟ್ಟು, “ಅಣ್ಣ, ಸ್ವಲ್ಪ ಗ್ರ್ಯಾಂಡಾಗಿ ಮಾಡ್ಕೊಡಿ” ಎನ್ನುತ್ತಾನೆ. ಹುಡುಗ ಕೋರಲ್ ಡ್ರಾ ತೆರೆದು, ನುಡಿಯ ಒಂದು ಫಾಂಟನ್ನೋ ಶ್ರೀಲಿಪಿಯ ಒಂದು ಫಾಂಟನ್ನೋ ಹಾಕಿ, ದಪ್ಪ ಅಂಚು ಕಟ್ಟಿ, ನೆರಳು ಕೊಡುತ್ತಾನೆ. ವರ್ಷಗಳಿಂದ ಅವೇ ಅಕ್ಷರ. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಹಳೆಯ ಸಾಫ್ಟ್‌ವೇರಿನಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಹೋಗಿ ಕೂರುತ್ತಿತ್ತು. ನುಡಿ, ಶ್ರೀಲಿಪಿಗಳು ಆಗ ನಮ್ಮ ಮಾನ ಉಳಿಸಿದವು. ಅವಕ್ಕೆ ಕೃತಜ್ಞರಾಗಿರಬೇಕು. ಆದರೆ ಕಾಲ ಮುಂದೆ ಬಂದಿದೆ.

ಕಳೆದ ಹತ್ತು ವರ್ಷಗಳಲ್ಲಿ ಕನ್ನಡಕ್ಕೆ ಬಹಳ ಒಳ್ಳೆಯ ಯುನಿಕೋಡ್ ಅಕ್ಷರಗಳು ಬಂದಿವೆ. ಏಕ್ ಟೈಪ್ ಸಂಸ್ಥೆಗಾಗಿ ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ರೂಪಿಸಿದ ‘ಬಲೂ ತಮ್ಮ’ ದುಂಡು ದುಂಡಾಗಿ, ಮಕ್ಕಳ ಪುಸ್ತಕಕ್ಕೂ ತಿಂಡಿ ಅಂಗಡಿಯ ಫಲಕಕ್ಕೂ ಒಪ್ಪುತ್ತದೆ. ಅದೇ ಸಂಸ್ಥೆಯ ‘ಅನೇಕ್’ ಒಂಬತ್ತು ಭಾರತೀಯ ಲಿಪಿಗಳನ್ನೂ ಲ್ಯಾಟಿನ್ನನ್ನೂ ಒಂದೇ ಮನೆತನವಾಗಿ ಕಟ್ಟಿದೆ. ಅಕ್ಷರವನ್ನು ಬೇಕಾದಷ್ಟು ಅಗಲಕ್ಕೆ, ಬೇಕಾದಷ್ಟು ದಪ್ಪಕ್ಕೆ ಎಳೆದುಕೊಳ್ಳಬಹುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಯಾ ಕನಡಕ’ ಕೈಬರಹದ ಕುಣಿತ ಇರುವ ಶೀರ್ಷಿಕೆಯ ಅಕ್ಷರ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಫೋಟೋಶಾಪಿನ ಕೆಲವು ಆವೃತ್ತಿಗಳಲ್ಲಿ ಟೈಪ್ ಆಯ್ಕೆಗಳಿಗೆ ಹೋಗಿ ‘ವರ್ಲ್ಡ್ ರೆಡಿ ಲೇಔಟ್’ ಎಂಬುದನ್ನು ಆರಿಸಿದರೆ ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆ. ಅದಕ್ಕೂ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಇಷ್ಟು ಚಿಕ್ಕ ಗುಂಡಿ ಎಷ್ಟೋ ಜನರಿಗೆ ಗೊತ್ತಿಲ್ಲದೆ ಕನ್ನಡ ಡಿಸೈನು ಹಳೆಯ ಜಾಗದಲ್ಲೇ ನಿಂತಿದೆ.

ಇಲ್ಲೂ ಅದೇ ಮಾತು. ಈ ಅಕ್ಷರಗಳನ್ನು ಇಳಿಸಿಕೊಂಡು ಬಳಸಿದರೆ ಸಾಲದು, ಅವನ್ನು ಮಾಡಿದವರು ಯಾವ ತೊಡಕಿಗೆ ಏನು ದಾರಿ ಕಂಡರು ಎಂದು ದೊಡ್ಡದು ಮಾಡಿ ನೋಡಿ. ‘ರಾಷ್ಟ್ರ’ ಎಂದು ಬರೆಯಿರಿ. ಷಕಾರದ ಕೆಳಗೆ ಟಕಾರ, ಅದಕ್ಕೆ ಜೊತೆಯಾಗಿ ರಕಾರ. ಇಂಗ್ಲಿಷ್ ಸಾಲಿಗೆ ಬೇಕಾದ ಜಾಗಕ್ಕಿಂತ ಕನ್ನಡ ಸಾಲಿಗೆ ಕೆಳಗಡೆ ಹೆಚ್ಚು ಜಾಗ ಬೇಕು. ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಂತರ ಇಂಗ್ಲಿಷಿಗೆ ಹೊಂದುವಂಥದ್ದು. ಅದನ್ನು ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೇ ಬಹಳಷ್ಟು ಕನ್ನಡ ಪೋಸ್ಟರುಗಳು ಉಸಿರುಗಟ್ಟಿದಂತೆ ಕಾಣುತ್ತವೆ. ಸಾಲುಗಳ ನಡುವೆ ಸ್ವಲ್ಪ ಗಾಳಿ ಬಿಡಿ, ಅಕ್ಷರಕ್ಕೆ ಕಟ್ಟಿದ ಅಂಚು ತೆಗೆಯಿರಿ, ನೆರಳು ತೆಗೆಯಿರಿ. ಒಂದೇ ಫಾಂಟನ್ನು ದಪ್ಪ, ತೆಳು ಎರಡು ತೂಕದಲ್ಲಿ ಇಡಿ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಹೊರಗಿನದು ಮಾತ್ರ ಸಮಕಾಲೀನ, ನಮ್ಮದೆಲ್ಲ ಹಳತು ಎಂಬ ಭಾವನೆ ಹುಡುಗರಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸರಿಯಲ್ಲ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 1984ರಲ್ಲಿ ಬಂದ ಆ್ಯಪಲ್ ಕಂಪನಿಯ ಮೆಕಿಂತೋಷ್ ಕಂಪ್ಯೂಟರಿಗೆ ಚಿಕ್ಕ ಚಿಕ್ಕ ಐಕಾನುಗಳನ್ನು ಬರೆದವರು ಸೂಸನ್ ಕೇರ್. ಇವತ್ತು ನಮ್ಮ ಮೊಬೈಲಿನಲ್ಲಿ ಕಾಣುವ ಐಕಾನುಗಳಿಗೆಲ್ಲ ಅವರೇ ಹಿರಿಯಕ್ಕ. ಅವರು ಶುರು ಮಾಡಿದ್ದು ಗ್ರಾಫ್ ಹಾಳೆಯ ಮೇಲೆ. ಅಡ್ಡ 32, ಉದ್ದ 32 ಚೌಕ, ಒಂದು ಚೌಕವೆಂದರೆ ತೆರೆಯ ಮೇಲಿನ ಒಂದು ಚುಕ್ಕಿ. ನಮ್ಮ ಮೊಳಕಾಲ್ಮುರಿನ ರೇಷ್ಮೆ ಸೀರೆಯ ಕಸುಬಿನವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗ್ಗದ ವಿನ್ಯಾಸವೂ ಗ್ರಾಫ್ ಹಾಳೆಯ ಮೇಲೆಯೇ ಇಳಿಯುತ್ತದೆ, ಚೌಕ ತುಂಬಿದರೆ ಬಣ್ಣದ ಎಳೆ ಮೇಲೆ, ಬಿಟ್ಟರೆ ಕೆಳಗೆ. ಜಕಾರ್ಡ್‌ನ ರಟ್ಟಿಗೆ ತೂತು ಬೀಳುವುದು ಆ ಚೌಕಗಳ ಲೆಕ್ಕದಲ್ಲಿ. ವಾರೆ ಗೆರೆ ಎಳೆದರೆ ಮೆಟ್ಟಿಲಾಗುತ್ತದೆ, ದುಂಡು ಮಾಡಿದರೆ ಮೂಲೆ ಮೂಡುತ್ತದೆ. ಅದನ್ನು ಒಪ್ಪಿಕೊಂಡೇ ಹೂವನ್ನು ಹೂವಾಗಿ ಕಾಣಿಸುವುದು ಹೇಗೆ ಎಂಬುದೇ ಕಸುಬು. ಮೊಬೈಲ್ ಆ್ಯಪಿಗೆ ಐಕಾನ್ ಮಾಡಬೇಕೆಂದಿರುವ ಹುಡುಗಿಗೆ ಸೂಸನ್ ಕೇರ್ ಎಷ್ಟು ಕಲಿಸುತ್ತಾರೋ ಸೀರೆಯ ಸೆರಗೂ ಅಷ್ಟೇ ಕಲಿಸುತ್ತದೆ. ಭೂತಕನ್ನಡಿ ಹಿಡಿದು ನೋಡುವ ತಾಳ್ಮೆ ಬೇಕು, ಅಷ್ಟೇ.

ತೊಗಲುಗೊಂಬೆಯನ್ನೂ ಇದೇ ಕಣ್ಣಿನಿಂದ ನೋಡಿ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಸೀಮೆಯಲ್ಲಿ ಕಿಳ್ಳೇಕ್ಯಾತರು ಆಡಿಸುತ್ತಾ ಬಂದ ಈ ಆಟದ ಗೊಂಬೆಯ ಹಿಂದೆ ದೀಪ ಇರುತ್ತದೆ. ಬೆಳಕು ಹಾಯುವಂತೆ ಚರ್ಮವನ್ನು ಹದ ಮಾಡಿ ತೆಳುವಾಗಿಸುತ್ತಾರೆ, ಬಣ್ಣ ಹಾಕುತ್ತಾರೆ, ಒಡವೆ ಇರುವಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಯ ಮೇಲೆ ಆ ತೂತುಗಳೇ ಮುತ್ತಾಗಿ ಹೊಳೆಯುತ್ತವೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ಡಿಸೈನ್ ಮಾಡುವವರಿಗೆ ಇದರಲ್ಲಿ ನೇರವಾದ ಪಾಠ ಇದೆ. ಮೊಬೈಲ್ ತೆರೆಯೂ ಒಳಗಿನಿಂದ ಬೆಳಕು ಬರುವ ಪರದೆ. ಅಲ್ಲಿ ಬಣ್ಣ ಹುಟ್ಟುವುದು ಕೆಂಪು, ಹಸಿರು, ನೀಲಿ ಬೆಳಕು ಕೂಡಿ. ಫ್ಲೆಕ್ಸಿನಲ್ಲಿ, ಕಾಗದದಲ್ಲಿ ಬಣ್ಣ ಹುಟ್ಟುವುದು ಶಾಯಿ ಬೆಳಕನ್ನು ನುಂಗಿ ಉಳಿದದ್ದನ್ನು ಹಿಂದೆ ಕಳಿಸಿದಾಗ. ಅದಕ್ಕೇ ಮೊಬೈಲಿನಲ್ಲಿ ಮಿಂಚಿದ ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ, ಗಿರಾಕಿ ಬಂದು ಜಗಳ ಆಡುತ್ತಾನೆ. ದೀಪಕ್ಕೆಂದೇ ಬಣ್ಣ ಹಾಕಿದ ಗೊಂಬೆಯನ್ನು ಹಗಲಲ್ಲಿ ನೋಡಿ ಒಪ್ಪಿಕೊಂಡರೆ ಸಾಲದು. ಎಲ್ಲಿ ಕಾಣಬೇಕೋ ಅಲ್ಲಿಯೇ ಇಟ್ಟು ನೋಡಬೇಕು ಎಂಬ ಪಾಠ ಇವತ್ತಿಗೂ ಸರಿ.

ಹಿರಿಯೂರಿನ ನಮ್ಮ ತೇರುಮಲ್ಲೇಶ್ವರನ ಗುಡಿಯಲ್ಲಿ ಮುಖಮಂಟಪದ ಛಾವಣಿಗೆ ಬರೆದ ಪುರಾಣದ ಚಿತ್ರಗಳಿವೆ. ದೇವರಿಗೆ ಕೈಮುಗಿದು ಹೊರಡುವಾಗ ಎಷ್ಟು ಜನ ಕತ್ತೆತ್ತುತ್ತಾರೋ ಗೊತ್ತಿಲ್ಲ. ಕತ್ತೆತ್ತಿ ನೋಡಬೇಕಾದ ಚಿತ್ರವನ್ನು ಜನ ಹೆಚ್ಚು ಹೊತ್ತು ನೋಡಲಾರರು, ಕತ್ತು ನೋಯುತ್ತದೆ. ಅಂಥ ಕಡೆ ಕಥೆಯನ್ನು ಹೇಗೆ ಹಂಚಬೇಕು, ಯಾರನ್ನು ದೊಡ್ಡದು ಮಾಡಬೇಕು, ಎಲ್ಲಿ ಗೆರೆ ಗಟ್ಟಿ ಇರಬೇಕು ಎಂದು ಆ ಕಲಾವಿದರು ಯೋಚಿಸಲೇಬೇಕಾಗಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಹೆಬ್ಬೆರಳು ಒಂದು ಚಿತ್ರದ ಮೇಲೆ ನಿಲ್ಲುವುದೂ ಅಷ್ಟೇ ಹೊತ್ತು. ಅಕ್ಷರದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಇನ್ನೂ ಹಳೆಯ ಹೆಮ್ಮೆಯೊಂದಿದೆ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದ ಆ ಶಾಸನಗಳ ಕೊನೆಗೆ ಬರೆದವನ ಹೆಸರಿದೆ, ಚಪಡ. ಹೆಸರಿನ ಜೊತೆಗೆ ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಆತ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೊರೆದ. ಚಕ್ರವರ್ತಿಯ ಮಾತಿನ ಕೆಳಗೆ ಕಸುಬುದಾರ ತನ್ನ ಗುರುತು ಬಿಟ್ಟ. ಅಕ್ಷರದ ಕೆಲಸ ಮಾಡುವ ಪ್ರತಿಯೊಬ್ಬರೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಈಗ ಪ್ರಶ್ನೆಗೆ ಎ.ಐ. ಕೂಡ ಸೇರಿಕೊಂಡಿದೆ. ಒಂದು ಸಾಲು ಬರೆದರೆ ಚಿತ್ರ ಬರುತ್ತದೆ, ಇನ್ನು ನಾವು ಯಾಕೆ ಎಂದು ಹುಡುಗರು ಅಂಜುತ್ತಾರೆ. ನನಗೆ ಅಂಥ ಅಂಜಿಕೆ ಇಲ್ಲ. ಯಂತ್ರ ಕೊಡುವುದು ಚಂದವನ್ನು. ಚಂದ ಅಗ್ಗವಾಗಿದೆ, ಇನ್ನೂ ಅಗ್ಗವಾಗುತ್ತದೆ. ಮಾರಿಕಣಿವೆಯ ಪೋಸ್ಟರಿಗೆ ಕಾಯುವಿಕೆಯೇ ವಿಷಯ ಎಂದು ಆರಿಸುವುದು, ಬಾವುಟಕ್ಕೆ ಮುಖ ಒಂದೇ ಸಾಕು ಎಂದು ಬಿಡುವುದು, ಗುಂಡಿಯೇ ಹಾಳೆ ಎಂದು ಕಾಣುವುದು ಊರಿನಲ್ಲಿ ಬದುಕಿ, ಜನರ ಜೊತೆ ಒಡನಾಡಿದವರಿಗೆ ಮಾತ್ರ ಸಾಧ್ಯ. ಆ ಕೆಲಸಕ್ಕೆ ಬೆಲೆ ಏರುತ್ತಲೇ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಯಂತ್ರವನ್ನು ಬಳಸಿ, ತಪ್ಪಿಲ್ಲ. ತೀರ್ಮಾನ ಮೊದಲು ನಿಮ್ಮದಾಗಿರಲಿ.

ಅಭ್ಯಾಸ ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಚಿತ್ರಗಳನ್ನು ಕೂಡಿಡುವುದು ಕಡಿಮೆ ಮಾಡಿ. ವಾರಕ್ಕೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಪುಸ್ತಕದ ಮುಖಪುಟ ಇರಲಿ, ಸಿನಿಮಾ ಪೋಸ್ಟರ್ ಇರಲಿ, ಆ್ಯಪಿನ ಐಕಾನ್ ಇರಲಿ. ನೋಟ್‌ಬುಕ್ಕಿನಲ್ಲಿ ಅದನ್ನು ಪೆನ್ಸಿಲಿನಿಂದ ಬರೆಯಿರಿ. ಬರೆಯುವಾಗ ಕಣ್ಣು ತಪ್ಪಿಸಿಕೊಂಡದ್ದು ಕೈಗೆ ಸಿಗುತ್ತದೆ. ಪಕ್ಕದಲ್ಲಿ ಮೂರು ಮಾತು ಬರೆದಿಡಿ: ಇದನ್ನು ಯಾರು ಎಲ್ಲಿ ನೋಡುತ್ತಾರೆ, ಇದರಲ್ಲಿ ಏನನ್ನು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ. ಮಾಡಿದವರ ಹೆಸರನ್ನೂ ಹುಡುಕಿ ಬರೆಯಿರಿ. ಹೆಸರು ಗೊತ್ತಾದ ಮೇಲೆ ಅವರ ಚಿತ್ರವನ್ನು ಹಾಗೇ ಎತ್ತಿ ಹಾಕಲು ಕೈ ಹಿಂಜರಿಯುತ್ತದೆ. ಊರೂರಿನ ಗಾಜಿನ ಮೇಲೆ ಹನುಮಂತ ಇದ್ದಾನೆ, ಬರೆದವರ ಹೆಸರು ಎಲ್ಲೂ ಇಲ್ಲ. ನಮ್ಮ ಕೈಯಿಂದ ಇನ್ನೊಬ್ಬ ಕಲಾವಿದನಿಗೆ ಹಾಗಾಗಬಾರದು. ಶಿಸ್ತಾಗಿ ಕಲಿಯುವ ಆಸೆ ಇದ್ದರೆ ದೂರ ಹೋಗಬೇಕಿಲ್ಲ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ನಮ್ಮ ಪಕ್ಕದಲ್ಲೇ ಇದೆ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ತೇರಿಗೋ ಊರಿನ ಜಾತ್ರೆಗೋ ಪೋಸ್ಟರ್ ಮಾಡಲು ಕೂತಾಗ ಮೊಬೈಲನ್ನು ಮಗುಚಿಟ್ಟು, ಈ ಪೋಸ್ಟರ್ ಏನು ಹೇಳಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಕಾಗದದ ಮೇಲೆ ಬರೆಯಿರಿ. ಆ ಸಾಲು ಸಿಗುವವರೆಗೆ ಕಂಪ್ಯೂಟರ್ ತೆರೆಯಬೇಡಿ. ಮಾಡಿಸುವವರಿಗೂ ಒಂದು ಮಾತು. ಡಿಸೈನ್ ಮಾಡುವ ಹುಡುಗನಿಗೆ ಅರ್ಧ ಗಂಟೆ ಬದಲು ಒಂದು ದಿನ ಕೊಡಿ, ಅಚ್ಚಿನ ದುಡ್ಡಿನ ಜೊತೆಗೆ ಅವನ ಯೋಚನೆಗೂ ದುಡ್ಡು ಕೊಡಿ. ಮತ್ತೆ ಆ ಮಾರಿಕಣಿವೆಯ ಪಟ್ಟಿಗಳನ್ನು ಯಾರಾದರೂ ಮಾಡಿ ಈ ಅಂಕಣಕ್ಕೆ ಕಳಿಸಿ. ಕಲಾವಿದರ ಹೆಸರಿನ ಸಮೇತ ಅದನ್ನು ಇದೇ ಜಾಗದಲ್ಲಿ ಅಚ್ಚು ಹಾಕಲು ಕೇಳಿಕೊಳ್ಳುವ ಹೊಣೆ ನನ್ನದು.